ಕುದಿಯದ ಚಹಾ, ಕಾಣದ ಕಿರಣ

(ಘಾಜಿಯಾಬಾದಿನ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನವೋ ದಾಸಸಾಹಿತ್ಯವೋ ಕಾದಂಬರಿಯೋ ಇರಬೇಕೆಂಬುದು ರೂಢಿ. ಈ ಸಲದ ವಿಷಯ ಚಹಾಪುಡಿ. ಅದರಲ್ಲೂ ಅದರ ರುಚಿ, ಘಮಗಳಿಗಿಂತ ಹೆಚ್ಚಾಗಿ ಪುಡಿಯ ಮೇಲೆ ಕೂತಿರುವ ಸೂಕ್ಷ್ಮಾಣುಗಳ ವಿಚಾರ, ಗಾಮಾ ಕಿರಣ ಹಾಯಿಸಿ ಅವುಗಳ ಸಂಖ್ಯೆ ಇಳಿಸುವ ವಿಚಾರ. ಅಡುಗೆಮನೆಯ ಡಬ್ಬಿಗೂ ಅಣುಶಕ್ತಿ ಇಲಾಖೆಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಅದು ಇದೇ ಊರಿನಲ್ಲಿದೆ.

1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ, ಅಂಗಡಿಯಿಂದ ತೆಗೆದ ಮಾದರಿಯ ಬಗ್ಗೆ ತಕರಾರು ಎದ್ದರೆ ಕೊನೆಯ ಮಾತಿಗಾಗಿ ಅದು ದೇಶದ ನಾಲ್ಕು ಕೇಂದ್ರ ಪ್ರಯೋಗಾಲಯಗಳಲ್ಲಿ ಒಂದಕ್ಕೆ ಹೋಗುತ್ತಿತ್ತು. ಅವು ಕೋಲ್ಕತ್ತ, ಪುಣೆ, ಘಾಜಿಯಾಬಾದ್ ಮತ್ತು ಮೈಸೂರಿನಲ್ಲಿದ್ದವು. ಮೈಸೂರಿನದು ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯೊಳಗೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಫ್‌ಟಿಆರ್‌ಐ ಒಳಗೆ ಇತ್ತು. ಘಾಜಿಯಾಬಾದಿನ ಆಹಾರ ಸಂಶೋಧನೆ ಮತ್ತು ಮಾನಕೀಕರಣ ಪ್ರಯೋಗಾಲಯ ಇಂದು ರಾಷ್ಟ್ರೀಯ ಆಹಾರ ಪ್ರಯೋಗಾಲಯವಾಗಿದೆ. ಚಹಾಪುಡಿಯಲ್ಲಿ ಬೂದಿ ಎಷ್ಟು, ನಾರು ಎಷ್ಟು, ಬಣ್ಣ ಬೆರೆಸಿದ್ದಾರೆಯೇ, ಒಮ್ಮೆ ಕುದಿಸಿ ಚೆಲ್ಲಿದ ಗಷ್ಟನ್ನೇ ಒಣಗಿಸಿ ಮತ್ತೆ ಪೊಟ್ಟಣ ಕಟ್ಟಿದ್ದಾರೆಯೇ ಎಂದು ನೋಡುವುದು ಇಂಥ ಪ್ರಯೋಗಾಲಯಗಳ ದಿನನಿತ್ಯದ ಕೆಲಸ. ಪುಡಿಯನ್ನು ನೀರಿನಲ್ಲಿ ಕುದಿಸಿದಾಗ ಅದರ ಸಾರ ತೂಕದಲ್ಲಿ ಕನಿಷ್ಠ ಶೇ 32ರಷ್ಟು ಇಳಿದುಬರಬೇಕೆಂದು ನಿಯಮವಿದೆ. ಗಷ್ಟಿನ ಮೋಸ ಸಿಕ್ಕಿಬೀಳುವುದು ಅಲ್ಲೇ.

ಸಾರ, ಬೂದಿ, ಬಣ್ಣ ಇವೆಲ್ಲ ಹಳೆಯ ಪ್ರಶ್ನೆಗಳು. ಪುಡಿಯ ಒಂದು ಗ್ರಾಮಿನಲ್ಲಿ ಎಷ್ಟು ಜೀವಿಗಳಿವೆ, ಅವುಗಳನ್ನು ಏನು ಮಾಡಬೇಕು ಎಂಬುದು ಹೊಸ ಕಾಲದ ಪ್ರಶ್ನೆ.

ಒಲೆಯಿಂದ ಈಚೆ

ಚಹಾ ಕಾರ್ಖಾನೆಯ ಕೆಲಸವನ್ನು ಐದು ಮಾತಿನಲ್ಲಿ ಹೇಳಬಹುದು: ಬಾಡಿಸುವುದು, ಅರೆಯುವುದು, ಹುದುಗಿಸುವುದು, ಒಣಗಿಸುವುದು, ಜರಡಿ ಹಿಡಿಯುವುದು. ಭಾರತದಲ್ಲಿ ಹೆಚ್ಚಾಗಿ ತಯಾರಾಗುವುದು ಸಿಟಿಸಿ ಚಹಾ. ಹಲ್ಲುಗಳಿರುವ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳಾಗಿಸುತ್ತವೆ. ಈ ಯಂತ್ರ ರೂಪುಗೊಂಡದ್ದು 1930ರ ಆಸುಪಾಸಿನಲ್ಲಿ, ಅಸ್ಸಾಮಿನ ಅಮ್ಗೂರಿ ತೋಟದಲ್ಲಿ. ‘ಹುದುಗಿಸುವುದು’ ಎಂಬ ಮಾತು ದಾರಿ ತಪ್ಪಿಸುತ್ತದೆ. ದೋಸೆ ಹಿಟ್ಟು ಹುಳಿಯುವಂತೆ ಇಲ್ಲಿ ಸೂಕ್ಷ್ಮಾಣುಗಳ ಪಾತ್ರವೇನೂ ಇಲ್ಲ. ಜಜ್ಜಿದ ಎಲೆಯೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕ ಹಿಡಿದು ಹಸಿರನ್ನು ತಾಮ್ರದ ಬಣ್ಣಕ್ಕೆ ತಿರುಗಿಸುತ್ತವೆ, ಅಷ್ಟೆ. ಹಾಗೆಂದು ಸೂಕ್ಷ್ಮಾಣುಗಳು ಸುಮ್ಮನಿರುವುದಿಲ್ಲ. ಎಲೆರಸ ಹರಿದ ನೆಲ ಮತ್ತು ತಟ್ಟೆ, ಒದ್ದೆ ಗಾಳಿ, ಹದವಾದ ಶಾಖ ಇವೆಲ್ಲ ಅವುಗಳಿಗೆ ಹಬ್ಬ. ಪ್ರತಿ ಪಾಳಿ ಮುಗಿದ ಮೇಲೆ ತೊಳೆಯದ ಕಾರ್ಖಾನೆಯಲ್ಲಿ ಮರುದಿನದ ಎಲೆ ಹಿಂದಿನ ದಿನದ ಬ್ಯಾಕ್ಟೀರಿಯಾಗಳನ್ನು ಹೊತ್ತುಕೊಂಡೇ ಮುಂದೆ ಹೋಗುತ್ತದೆ.

ಅವುಗಳ ಕಥೆ ಮುಗಿಸುವುದು ಒಣಗಿಸುವ ಯಂತ್ರ. ನೂರು ಡಿಗ್ರಿ ದಾಟಿದ ಗಾಳಿಯಲ್ಲಿ ಎಲೆಯ ತೇವ ಶೇ 3ರ ಹತ್ತಿರಕ್ಕೆ ಇಳಿಯುತ್ತದೆ. ಗಟ್ಟಿ ಕವಚದ ಬೀಜಕಗಳನ್ನು ಬಿಟ್ಟರೆ ಆ ಬಿಸಿಯಲ್ಲಿ ಉಳಿಯುವ ಜೀವಿಗಳು ಕಡಿಮೆ. ಹಾಗಾದರೆ ಪೊಟ್ಟಣದ ಚಹಾದಲ್ಲಿ ಬೂಷ್ಟೂ ಬ್ಯಾಕ್ಟೀರಿಯಾವೂ ಎಲ್ಲಿಂದ ಬಂದವು?

ಒಲೆಯಿಂದ ಈಚೆ ಬಂದ ಮೇಲೆ. ಜರಡಿಮನೆಯ ಧೂಳು, ಕೈ, ಗೋಣಿ, ಲಾರಿ, ಗೋದಾಮಿನ ನೆಲ ಇವೆಲ್ಲ ಪುಡಿಯನ್ನು ಮುಟ್ಟುತ್ತವೆ. ಒಣಗಿದ ಚಹಾ ಹತ್ತಿಯ ಹಾಗೆ. ಹತ್ತಿರ ಏನಿದ್ದರೂ ಅದರ ವಾಸನೆ ಹೀರುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ತೇವ ಏರಿದ ಚೀಲದಲ್ಲಿ ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯ ಬೂಷ್ಟಿನ ಬೀಜಕಗಳು ಕಣ್ಣು ಬಿಡುತ್ತವೆ. ಚಿಕ್ಕಮಗಳೂರಿನ ಕೆಳಗೂರು, ಕೊಡಗಿನ ಗ್ಲೆನ್‌ಲೋರ್ನಾದಂಥ ಕರ್ನಾಟಕದ ಬೆರಳೆಣಿಕೆಯ ಚಹಾ ತೋಟದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಮಲೆನಾಡಿನ ಆಷಾಢದಲ್ಲಿ ಉಪ್ಪೇ ನೀರಾಗುವಾಗ ಚಹಾಪುಡಿ ಗರಿಗರಿಯಾಗಿ ಉಳಿಯುವುದು ಸುಲಭದ ಮಾತಲ್ಲ. ಪಕ್ಕದ ನೀಲಗಿರಿಯಲ್ಲಿ ಬಡಗ ಸಮುದಾಯದ ಸಣ್ಣ ಬೆಳೆಗಾರರು ಕೊಯ್ದ ಎಲೆ ಕಾರ್ಖಾನೆ, ಕೂನೂರಿನ ಹರಾಜು, ಮಿಶ್ರಣ ಮಾಡುವವರ ಗೋದಾಮು, ಸಗಟು ಅಂಗಡಿ, ಚಿಲ್ಲರೆ ಅಂಗಡಿ ಎಂದು ಎಷ್ಟೋ ಕೈ ದಾಟಿ ದೆಹಲಿಯ ಈ ಕಡೆಗೆ ಬರುತ್ತದೆ. ಗುವಾಹಟಿ, ಸಿಲಿಗುರಿ ಹರಾಜಿನಿಂದ ಬರುವ ಅಸ್ಸಾಂ, ಡೂವಾರ್ಸ್ ಚಹಾದ ದಾರಿಯೂ ಅಷ್ಟೇ ಉದ್ದ. ವರ್ಷಕ್ಕೆ ಸುಮಾರು 1,300 ದಶಲಕ್ಷ ಕೆ.ಜಿ. ಚಹಾ ತಯಾರಿಸುವ ದೇಶದಲ್ಲಿ ಪ್ರತಿ ಚೀಲದ ಪ್ರತಿ ನಿಲ್ದಾಣವನ್ನೂ ಕಾಯಲು ಆಗುವುದಿಲ್ಲ.

ಕುದಿತವೆಂಬ ಕಾವಲುಗಾರ

ಇಷ್ಟಾದರೂ ಘಾಜಿಯಾಬಾದಿನ ಟೀ ಅಂಗಡಿಯಲ್ಲಿ ಮಣ್ಣಿನ ಕುಲ್ಹಡ್ ಹಿಡಿದು ನಿಂತವರು ಚಹಾದಿಂದ ಹೊಟ್ಟೆ ಕೆಟ್ಟಿತೆಂದು ದೂರುವುದು ಅಪರೂಪ. ಕಾರಣ ಸರಳ. ಇಲ್ಲಿ ಚಹಾ ಮಾಡುವುದೆಂದರೆ ಕುದಿಸುವುದು. ನೀರು, ಪುಡಿ, ಸಕ್ಕರೆ, ಜಜ್ಜಿದ ಶುಂಠಿ, ಹಾಲು ಎಲ್ಲ ಒಂದೇ ಪಾತ್ರೆಯಲ್ಲಿ ಉಕ್ಕಿ ಇಳಿದು ಮತ್ತೆ ಉಕ್ಕುತ್ತವೆ. ಬೆಳಗಾವಿ, ಹುಬ್ಬಳ್ಳಿ ಕಡೆಯ ‘ಚಾ’ ಇದೇ ಮನೆತನದ್ದು. ಮೈಸೂರು ಸೀಮೆಯ ಮನೆಗಳಲ್ಲಿ ಮೊದಲು ಡಿಕಾಕ್ಷನ್ ಇಳಿಸಿ ಆಮೇಲೆ ಹಾಲು ಬೆರೆಸಿದರೂ ಪುಡಿ ಬೀಳುವುದು ಕುದಿಯುವ ನೀರಿಗೇ. ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಕಾರಕಗಳು ಈ ಕುದಿತದ ಮುಂದೆ ನಿಮಿಷವೂ ನಿಲ್ಲಲಾರವು. ಬ್ಯಾಸಿಲಸ್ ಕುಲದ ಬೀಜಕಗಳು ಮಾತ್ರ ಬದುಕುತ್ತವೆ. ಲೋಟ ಖಾಲಿಯಾಗುವಷ್ಟರಲ್ಲಿ ಅವು ಮೊಳೆಯುವುದಿಲ್ಲ. ಹಾಲು ಬೆರೆತ ಚಹಾವನ್ನು ಉಗುರುಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ಮೊಳೆಯಬಹುದು.

ಚಹಾ ಕುಡಿಯುವ ರೀತಿ ಬದಲಾದಾಗ ಲೆಕ್ಕವೂ ಬದಲಾಗುತ್ತದೆ. ಆಫೀಸಿನ ಯಂತ್ರದಿಂದ ಇಳಿಯುವ ಬಿಸಿನೀರಿಗೆ ಅದ್ದುವ ಪೊಟ್ಟಣ ಕುದಿತ ಕಾಣುವುದಿಲ್ಲ. ಗ್ರೀನ್ ಟೀ ಕಹಿಯಾಗದಿರಲೆಂದು ನೀರನ್ನು 80 ಡಿಗ್ರಿಗೆ ತಣಿಸಿ ಸುರಿಯುವವರಿದ್ದಾರೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಕುಡಿಯುವ ಚಹಾ ಬಂದಿದೆ. ಐಸ್ ಟೀ, ಚಹಾಸಾರ ಬೆರೆತ ಬಿಸ್ಕತ್ತು, ಐಸ್‌ಕ್ರೀಂ, ಮುಖದ ಲೇಪನ ಎಲ್ಲವೂ ಬಂದಿವೆ. ಕುದಿತವೆಂಬ ಕಾವಲುಗಾರ ಇವುಗಳ ಬಾಗಿಲಲ್ಲಿ ಇಲ್ಲ.

ಇದು ಬರಿಯ ಊಹೆಯಲ್ಲ. 2002ರ ಅಕ್ಟೋಬರ್‌ನಿಂದ 2003ರ ಜುಲೈವರೆಗೆ ಜರ್ಮನಿಯಲ್ಲಿ 42 ಎಳೆಯ ಮಕ್ಕಳು ಸಾಲ್ಮೊನೆಲ್ಲಾ ಅಗೋನಾ ಎಂಬ ಬ್ಯಾಕ್ಟೀರಿಯಾದಿಂದ ಕಾಯಿಲೆ ಬಿದ್ದರು. ಹೊಟ್ಟೆನೋವಿಗೆಂದು ಸೋಂಪು ಜಾತಿಯ ಬೀಜಗಳನ್ನು ಹಾಕಿದ ಗಿಡಮೂಲಿಕೆ ಚಹಾ ಕುಡಿಸುವುದು ಅಲ್ಲಿನ ಮನೆಮದ್ದು. ತನಿಖೆಯ ಜಾಡು ಕೊನೆಗೆ ಆ ಚಹಾದಲ್ಲಿದ್ದ ಆನಿಸ್ ಬೀಜಕ್ಕೆ ತಲುಪಿತು. ಚಹಾವನ್ನು ಸರಿಯಾಗಿ ಕುದಿಸದೆ ಬಿಸಿನೀರು ಸುರಿದು ಕೊಟ್ಟ ಕಡೆ ಬ್ಯಾಕ್ಟೀರಿಯಾ ಉಳಿದುಕೊಂಡಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1996ರಲ್ಲೇ ಐಸ್ ಟೀ ಮಾಡುವ ಹೋಟೆಲುಗಳಿಗೆ ಎಚ್ಚರಿಕೆ ಕೊಟ್ಟಿತ್ತು: ಸಾಕಷ್ಟು ಬಿಸಿಯಾದ ನೀರಿನಲ್ಲಿ ಮೂರರಿಂದ ಐದು ನಿಮಿಷವಾದರೂ ಎಲೆ ಇರಲಿ, ಮಾಡಿದ ಚಹಾ 8 ಗಂಟೆಗಿಂತ ಹೆಚ್ಚು ಹೊರಗೆ ನಿಲ್ಲದಿರಲಿ.

ಮಸಾಲೆ ಚಹಾದ ವಿಷಯದಲ್ಲಿ ಅನುಮಾನ ಎಲೆಗಿಂತ ಮಸಾಲೆಯ ಮೇಲೆ ಹೆಚ್ಚು ಬೀಳಬೇಕು. ಕಣದಲ್ಲಿ ಹರಡಿ ಬಿಸಿಲಿಗೆ ಒಣಗಿಸಿದ ಕರಿಮೆಣಸಿನ ಒಂದು ಗ್ರಾಮಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಸಿಗುವುದು ಹೊಸ ಸಂಗತಿಯಲ್ಲ. ಚಹಾಪುಡಿಯಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಿದರೆ ಮೆಣಸಿನ ಲೆಕ್ಕವೇ ಪೊಟ್ಟಣದ ಲೆಕ್ಕವಾಗುತ್ತದೆ.

ಸೊನ್ನೆ ಉದುರಿಸುವ ಲೆಕ್ಕ

ವಿಕಿರಣ ಘಟಕದ ಒಳಗೆ ನಡೆಯುವುದೇನು? ಸಾಮಾನ್ಯ ಕೋಬಾಲ್ಟ್ ಲೋಹವನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟು ಕೋಬಾಲ್ಟ್-60 ಮಾಡುತ್ತಾರೆ. ಅದು ಗಾಮಾ ಕಿರಣ ಸೂಸುತ್ತ ಕ್ಷಯಿಸುತ್ತದೆ, 5.27 ವರ್ಷಕ್ಕೆ ಅದರ ಬಲ ಅರ್ಧವಾಗುತ್ತದೆ. ಉಕ್ಕಿನ ಕೊಳವೆಗಳಲ್ಲಿ ಮುಚ್ಚಿದ ಈ ಕೋಬಾಲ್ಟ್, ಕೆಲಸವಿಲ್ಲದಾಗ ಆಳವಾದ ನೀರಿನ ಕೊಳದ ತಳದಲ್ಲಿ ಮಲಗಿರುತ್ತದೆ. ಸುತ್ತ ಸುಮಾರು ಎರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆ ಇರುತ್ತದೆ. ಪೆಟ್ಟಿಗೆಗಳು ಒಳಗೆ ಹೋದ ಮೇಲೆ ಕೊಳವೆಗಳ ಚೌಕಟ್ಟು ನೀರಿನಿಂದ ಮೇಲೇಳುತ್ತದೆ. ಪೆಟ್ಟಿಗೆಗಳು ಅದರ ಸುತ್ತ ಪ್ರದಕ್ಷಿಣೆ ಬಂದು ಹೊರಬರುತ್ತವೆ. ಅವುಗಳ ಮೇಲೆ ಅಂಟಿಸಿದ ಚೀಟಿ ಕಿರಣ ತಗುಲಿದಾಗ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಯಾವ ಪೆಟ್ಟಿಗೆಗೆ ಕಿರಣ ತಗುಲಿದೆ, ಯಾವುದಕ್ಕೆ ಇಲ್ಲ ಎಂದು ಕೆಲಸಗಾರ ಗುರುತಿಸುವುದು ಆ ಬಣ್ಣದಿಂದ.

ಕಿರಣ ಪೆಟ್ಟಿಗೆ, ಪೊಟ್ಟಣ, ಪುಡಿ ಎಲ್ಲವನ್ನೂ ಹಾದುಹೋಗುತ್ತದೆ. ಹೋಗುವ ದಾರಿಯಲ್ಲಿ ಸೂಕ್ಷ್ಮಾಣುವಿನ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಎಳೆ ತುಂಡಾದ ಜೀವಿ ಇಬ್ಭಾಗವಾಗಿ ಸಂತಾನ ಬೆಳೆಸಲಾರದು. ಪೊಟ್ಟಣ ಬಿಚ್ಚುವ ಅಗತ್ಯವಿಲ್ಲದ್ದರಿಂದ, ಶುದ್ಧವಾದದ್ದು ಮತ್ತೆ ಕೊಳೆಯಾಗುವ ಭಯವೂ ಇಲ್ಲ. ಹಬೆ ಹಾಯಿಸುವ ವಿಧಾನದಲ್ಲಿ ಚಹಾ ಒದ್ದೆಯಾಗಿ, ಘಮ ಕಳೆದು, ಮತ್ತೆ ಒಣಗಬೇಕಾಗುತ್ತದೆ. ಇಲ್ಲಿ ಅದೂ ಇಲ್ಲ.

ಪ್ರಮಾಣ ಅಳೆಯುವುದು ಗ್ರೇ ಎಂಬ ಮಾನದಿಂದ. ಒಂದು ಕೆ.ಜಿ. ವಸ್ತು ಒಂದು ಜೂಲ್ ಶಕ್ತಿ ಹೀರಿದರೆ ಒಂದು ಗ್ರೇ, ಸಾವಿರ ಗ್ರೇ ಸೇರಿದರೆ ಒಂದು ಕಿಲೊಗ್ರೇ. ಇಡೀ ಮೈಗೆ ಒಮ್ಮೆಗೇ ನಾಲ್ಕೈದು ಗ್ರೇ ಬಿದ್ದರೆ ಮನುಷ್ಯ ಬದುಕುವುದು ಕಷ್ಟ. ಕೀಟಕ್ಕೆ ನೂರಾರು ಗ್ರೇ ಬೇಕು, ಬ್ಯಾಕ್ಟೀರಿಯಾಕ್ಕೆ ಸಾವಿರಗಳಲ್ಲಿ ಬೇಕು. ಜೀವಿ ಚಿಕ್ಕದಾದಷ್ಟೂ ಕಿರಣಕ್ಕೆ ಗುರಿ ಸಿಗುವುದು ಕಷ್ಟ ಎಂಬುದು ಈ ತಿರುವುಮುರುವಿಗೆ ಒಂದು ಕಾರಣ. 10 ಕಿಲೊಗ್ರೇ ಎಂದರೆ ಭಾರಿ ಎನಿಸುತ್ತದೆ. ಅಷ್ಟೇ ಶಕ್ತಿಯನ್ನು ಒಂದು ಕೆ.ಜಿ. ನೀರಿಗೆ ಕೊಟ್ಟರೆ ನೀರು 2.4 ಡಿಗ್ರಿ ಬೆಚ್ಚಗಾಗುತ್ತದೆ, ಅಷ್ಟೆ. ತಣ್ಣಗಿನ ಸಂಸ್ಕರಣೆ ಎಂದು ಇದನ್ನು ಕರೆಯುವುದು ಅದಕ್ಕೇ.

ಸೂಕ್ಷ್ಮಾಣುಗಳ ಲೆಕ್ಕ ಸೊನ್ನೆಗಳ ಲೆಕ್ಕ. ಒಂದು ಜಾತಿಯ ಹತ್ತರಲ್ಲಿ ಒಂಬತ್ತು ಜೀವಿಗಳು ಸಾಯಲು ಬೇಕಾದ ಪ್ರಮಾಣವನ್ನು ಒಂದು ‘ಪಾಲು’ ಎಂದಿಟ್ಟುಕೊಳ್ಳೋಣ. ಪ್ರತಿ ಪಾಲಿಗೂ ಸಂಖ್ಯೆಯ ಕೊನೆಯ ಒಂದು ಸೊನ್ನೆ ಉದುರುತ್ತದೆ. ಸಾಲ್ಮೊನೆಲ್ಲಾಕ್ಕೆ ಆ ಪಾಲು ಅರ್ಧ ಕಿಲೊಗ್ರೇ ಆಸುಪಾಸು, ಹಟಮಾರಿ ಬೀಜಕಗಳಿಗೆ ಎರಡು ಕಿಲೊಗ್ರೇ ಅಥವಾ ಹೆಚ್ಚು. ಒಂದು ಗ್ರಾಮಿನಲ್ಲಿ ಅಂಥ 1,00,000 ಬೀಜಕಗಳಿದ್ದು 8 ಕಿಲೊಗ್ರೇ ಕೊಟ್ಟರೆ ನಾಲ್ಕು ಸೊನ್ನೆ ಉದುರಿ ಹತ್ತು ಉಳಿಯುತ್ತವೆ. ಆರಂಭದಲ್ಲಿ ಹತ್ತು ಕೋಟಿ ಇದ್ದರೆ ಅದೇ 8 ಕಿಲೊಗ್ರೇ ಹತ್ತು ಸಾವಿರ ಉಳಿಸುತ್ತದೆ. ಕೊಳಕು ಕಾರ್ಖಾನೆಗೆ ಕಿರಣ ಪ್ರಾಯಶ್ಚಿತ್ತವಾಗಲಾರದು ಎಂಬುದಕ್ಕೆ ಈ ಲೆಕ್ಕಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾಯಾಪುರಿಯ ನೆರಳು

ಈ ಭಾಗದ ಜನರಿಗೆ ಕೋಬಾಲ್ಟ್-60 ಎಂಬ ಹೆಸರು ಪರಿಚಯವಾದದ್ದು ಆಹಾರದ ಮೂಲಕವಲ್ಲ. 2010ರ ಏಪ್ರಿಲ್‌ನಲ್ಲಿ ಪಶ್ಚಿಮ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ ಕೆಲಸಗಾರರ ಮೈ ಸುಟ್ಟು, ಕೂದಲು ಉದುರಿ, ಒಬ್ಬರು ಸತ್ತರು. ಹಲವರು ಆಸ್ಪತ್ರೆ ಸೇರಿದರು. ವಿಶ್ವವಿದ್ಯಾಲಯವೊಂದರಲ್ಲಿ ವರ್ಷಗಟ್ಟಲೆ ಮೂಲೆ ಸೇರಿದ್ದ ಹಳೆಯ ಗಾಮಾ ಯಂತ್ರ ಹರಾಜಿನಲ್ಲಿ ಗುಜರಿಗೆ ಬಂದಿತ್ತು. ಅದರೊಳಗಿನ ಕೋಬಾಲ್ಟ್ ಕಡ್ಡಿಗಳನ್ನು ಏನೆಂದು ತಿಳಿಯದೆ ಬಿಡಿಸಿದ್ದರು. ವಿಕಿರಣ ಹಾಯಿಸಿದ ಚಹಾ ಎಂದಾಗ ಇಲ್ಲಿನ ಗೃಹಿಣಿಯ ಕಣ್ಣಮುಂದೆ ಮಾಯಾಪುರಿ ಬಂದರೆ ಆಕೆಯನ್ನು ಅಜ್ಞಾನಿ ಎನ್ನುವಂತಿಲ್ಲ.

ಆದರೂ ಎರಡನ್ನೂ ಬೇರೆ ಮಾಡಿ ನೋಡಬೇಕು. ಮಾಯಾಪುರಿಯಲ್ಲಿ ವಿಕಿರಣ ಸೂಸುವ ವಸ್ತುವೇ ಮನುಷ್ಯರ ಕೈಗೆ ಬಂದಿತ್ತು. ಸಂಸ್ಕರಣೆಯಲ್ಲಿ ಚಹಾ ಆ ವಸ್ತುವನ್ನು ಮುಟ್ಟುವುದೇ ಇಲ್ಲ, ಬರಿ ಅದರ ಬೆಳಕಿನಲ್ಲಿ ಹಾದುಬರುತ್ತದೆ. ಕೋಬಾಲ್ಟ್-60ರ ಗಾಮಾ ಕಿರಣಗಳಿಗೆ ಇರುವ 1.17 ಮತ್ತು 1.33 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಆಹಾರದ ಪರಮಾಣುಗಳನ್ನು ವಿಕಿರಣಶೀಲವಾಗಿಸುವ ತಾಕತ್ತಿಲ್ಲ. ಎಕ್ಸ್-ರೇ ತೆಗೆಸಿಕೊಂಡು ಮನೆಗೆ ಬಂದವರು ಕತ್ತಲಲ್ಲಿ ಹೊಳೆಯುವುದಿಲ್ಲವಲ್ಲ, ಹಾಗೆ. ಅಲ್ಲದೆ ಘಾಜಿಯಾಬಾದಿನ ಆಸ್ಪತ್ರೆಗಳಿಗೆ ಬರುವ ಎಷ್ಟೋ ಸಿರಿಂಜು, ಕೈಗವಸು, ಹೊಲಿಗೆ ದಾರಗಳು ಇದೇ ಬೆಳಕಿನಲ್ಲಿ ಮಿಂದು ಬಂದವು. ಆ ಉದ್ದೇಶಕ್ಕೆಂದೇ ದೇಶದಲ್ಲಿ ಮೊದಲು ಕಟ್ಟಿದ ಐಸೋಮೆಡ್ ಘಟಕ 1974ರಲ್ಲಿ ಟ್ರಾಂಬೆಯಲ್ಲಿ ಆರಂಭವಾಯಿತು. ಆಗ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ.

ಆಹಾರದ ದಾರಿ ಇಷ್ಟು ಸಲೀಸಾಗಿರಲಿಲ್ಲ. 1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಒಂದು ಪ್ರಬಂಧ ಪ್ರಕಟಿಸಿದರು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ 15 ಮಕ್ಕಳನ್ನು ಮೂರು ಗುಂಪು ಮಾಡಿ ಗೋಧಿ ತಿನ್ನಿಸಿದ್ದರು. 0.75 ಕಿಲೊಗ್ರೇ ವಿಕಿರಣ ಹಾಯಿಸಿದ ಗೋಧಿಯನ್ನು ಕೂಡಲೇ ತಿಂದ ಗುಂಪಿನ ಮಕ್ಕಳ ಬಿಳಿ ರಕ್ತಕಣಗಳಲ್ಲಿ ವರ್ಣತಂತುಗಳು ದುಪ್ಪಟ್ಟಾದ ಕೋಶಗಳು ಕಂಡವೆಂದು ವರದಿ ಹೇಳಿತು. ಲೋಕದೆಲ್ಲೆಡೆ ಗದ್ದಲವೆದ್ದಿತು. ಸರ್ಕಾರ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಮತ್ತು ತಳಿವಿಜ್ಞಾನಿ ಪಿ.ಸಿ. ಕೇಶವನ್ ಅವರಿಗೆ ಪರಿಶೀಲನೆ ಒಪ್ಪಿಸಿತು. ದತ್ತಾಂಶ ಆ ತೀರ್ಮಾನವನ್ನು ಹೊರಲಾರದು ಎಂಬುದು ಅವರ ಅಭಿಪ್ರಾಯ. ಬೇರೆ ಪ್ರಯೋಗಾಲಯಗಳಲ್ಲೂ ಆ ಫಲಿತಾಂಶ ಮರುಕಳಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1980ರಲ್ಲಿ 10 ಕಿಲೊಗ್ರೇವರೆಗೆ ಯಾವ ಆಹಾರಕ್ಕೂ ವಿಷದ ಅಪಾಯವಿಲ್ಲವೆಂದು ಹೇಳಿತು. 1997ರಲ್ಲಿ ಕುಳಿತ ಇನ್ನೊಂದು ತಂಡ ಅದಕ್ಕೂ ಹೆಚ್ಚಿನ ಪ್ರಮಾಣವನ್ನು ಪರಿಶೀಲಿಸಿ ಅದೇ ಮಾತು ಹೇಳಿತು. ಭಾರತದಲ್ಲಿ ಈರುಳ್ಳಿ, ಆಲೂಗಡ್ಡೆ, ಮಸಾಲೆಗಳಿಗೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಹೈದರಾಬಾದಿನ ಮಕ್ಕಳ ಗೋಧಿಗೂ ಆ ಅನುಮತಿಗೂ ನಡುವೆ ಸುಮಾರು 20 ವರ್ಷ ಕಳೆದಿತ್ತು.

ಆಮೇಲೆ ಕೆಲಸ ಚುರುಕಾಯಿತು. ಮಸಾಲೆಗಾಗಿ ನವಿ ಮುಂಬೈನ ವಾಶಿಯಲ್ಲಿ 2000ದಲ್ಲಿ ಘಟಕ ಬಂತು, ಈರುಳ್ಳಿಗಾಗಿ ನಾಸಿಕ್ ಹತ್ತಿರದ ಲಾಸಲ್‌ಗಾಂವ್‌ನಲ್ಲಿ 2002ರಲ್ಲಿ. 2007ರಲ್ಲಿ ಕಿರಣ ಹಾಯಿಸಿದ ಭಾರತದ ಮಾವು ಅಮೆರಿಕದ ಮಾರುಕಟ್ಟೆ ತಲುಪಿತು. ಕೋಲಾರ ಜಿಲ್ಲೆಯ ಮಾಲೂರಿನ ಘಟಕವೂ ಅಂಥ ಮಾವಿನ ರಫ್ತಿಗೆ ಬಳಕೆಯಾಗುತ್ತದೆ. ಅಲ್ಲಿ ಗುರಿ ಹಣ್ಣಿನ ನೊಣದ ಮೊಟ್ಟೆ, ಓಟೆಯೊಳಗಿನ ಹುಳು. ಒಂದು ಕಿಲೊಗ್ರೇಗಿಂತ ಕಡಿಮೆ ಸಾಕು.

ಘಮ ಉಳಿಯುತ್ತದೆಯೇ?

ಚಹಾ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಹರಾಜಿಗೆ ಮೊದಲು ರುಚಿ ನೋಡುವವರು ಚಮಚದಲ್ಲಿ ಸುರ್ರನೆ ಹೀರಿ, ಬಾಯಲ್ಲಿ ಆಡಿಸಿ, ಉಗಿದು ಬೆಲೆ ಕಟ್ಟುತ್ತಾರೆ. ಅವರ ನಾಲಿಗೆಗೆ ವ್ಯತ್ಯಾಸ ತಿಳಿದರೆ ಸೊನ್ನೆಗಳ ಲೆಕ್ಕವೆಲ್ಲ ವ್ಯರ್ಥ.

ಭಾರತದಲ್ಲಿ ಇದನ್ನು ಎರಡು ಕಡೆ ಕೆಲಸ ಮಾಡಿ ನೋಡಿದ್ದಾರೆ. ಟ್ರಾಂಬೆಯ ಭಾಭಾ ಕೇಂದ್ರದ ಆಹಾರ ತಂತ್ರಜ್ಞರು ಚಹಾದ ಸೂಕ್ಷ್ಮಾಣುಗಳನ್ನು ಗಾಮಾ ಕಿರಣದಿಂದ ಇಳಿಸುವ ಬಗ್ಗೆ 2006ರಲ್ಲಿ ಪ್ರಬಂಧ ಪ್ರಕಟಿಸಿದರು. 2008ರಲ್ಲಿ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈನಲ್ಲಿರುವ ಉಪಾಸಿ ಚಹಾ ಸಂಶೋಧನಾ ಪ್ರತಿಷ್ಠಾನದವರು ಕಪ್ಪು ಚಹಾದ ಶುದ್ಧೀಕರಣದ ಜೊತೆಗೆ ದಾಸ್ತಾನಿನ ಬಾಳಿಕೆಯನ್ನೂ ನೋಡಿ ಬರೆದರು. ದಕ್ಷಿಣ ಭಾರತದ ತೋಟಗಾರರ ಒಕ್ಕೂಟದ ಸಂಸ್ಥೆ ಇದು. ತೋಟದವರೇ ಈ ಪ್ರಶ್ನೆ ಕೈಗೆತ್ತಿಕೊಂಡರೆಂಬುದು ಗಮನಿಸಬೇಕಾದ ಸಂಗತಿ. ಕಪ್ಪು ಚಹಾದ ಹೊಳಪು, ಒಗರು, ಬಣ್ಣ ನಿರ್ಧರಿಸುವ ಥಿಯಾಫ್ಲೇವಿನ್, ಥಿಯಾರುಬಿಗಿನ್ ಎಂಬ ದ್ರವ್ಯಗಳು ಕಾರ್ಖಾನೆಯ ಹುದುಗಿನಲ್ಲೇ ರೂಪುಗೊಂಡಿರುತ್ತವೆ. ಕಿರಣ ಬರುವ ಹೊತ್ತಿಗೆ ಅಡುಗೆ ಮುಗಿದಿರುತ್ತದೆ.

ಹಗುರ ಘಮದ ಚಹಾಗಳ ವಿಷಯ ನಾಜೂಕು. ಬ್ರೆಜಿಲಿನ ಸಾವೊ ಪಾಲೊದ ಅಣು ಸಂಶೋಧಕರು ಹಸಿರು ಚಹಾ ಮತ್ತು ಊಲಾಂಗ್‌ಗೆ ಕಿರಣ ಹಾಯಿಸಿ ಪರಿಮಳದ ಅಂಶಗಳನ್ನು ಒಂದೊಂದಾಗಿ ಎಣಿಸಿದರು. ಪ್ರಮಾಣ ಏರಿದಂತೆ ಆ ಪಟ್ಟಿ ಬದಲಾಗುತ್ತ ಹೋಯಿತು. ಕೊರಿಯಾದವರಿಗೆ ಬೇರೆಯೇ ಲಾಭ ಕಂಡಿತು. ಹಸಿರು ಚಹಾದ ಸಾರಕ್ಕೆ ಕಿರಣ ಕೊಟ್ಟಾಗ ಅದರ ಗಾಢ ಬಣ್ಣ ತಿಳಿಯಾಯಿತು, ಸೌಂದರ್ಯವರ್ಧಕಗಳಲ್ಲಿ ಬೆರೆಸಲು ಅನುಕೂಲವಾಯಿತು. ಹೀಗೆ ಮಸಾಲೆ ಬೆರೆತ ಸಿಟಿಸಿಗೆ ಹೊಂದುವ ಪ್ರಮಾಣ, ವಸಂತದ ಮೊದಲ ಕೊಯ್ಲಿನ ಡಾರ್ಜಿಲಿಂಗ್‌ಗೂ ಹೊಂದುತ್ತದೆ ಎಂದುಕೊಳ್ಳುವಂತಿಲ್ಲ.

ಕಾನೂನು, ಹಡಗು, ಚೀಟಿ

ಅಣುಶಕ್ತಿ ಇಲಾಖೆಯ 2012ರ ವಿಕಿರಣ ಸಂಸ್ಕರಣಾ ನಿಯಮಗಳು ಆಹಾರವನ್ನು ಒಂದೊಂದಾಗಿ ಹೆಸರಿಸುವುದನ್ನು ಬಿಟ್ಟು ವರ್ಗಗಳಾಗಿ ವಿಂಗಡಿಸಿದವು. ಆಹಾರ ಸುರಕ್ಷತಾ ಪ್ರಾಧಿಕಾರವೂ ಆಮೇಲೆ ಅದೇ ಪದ್ಧತಿ ಹಿಡಿಯಿತು. ಚಹಾ ಇರುವುದು ಆರನೆಯ ವರ್ಗದಲ್ಲಿ, ಒಣ ತರಕಾರಿ, ಮಸಾಲೆ, ಒಣ ಗಿಡಮೂಲಿಕೆ, ಕಾಫಿ, ಕೋಕೊಗಳ ಜೊತೆ. ಕೀಟಕ್ಕಾದರೆ 0.3ರಿಂದ 1 ಕಿಲೊಗ್ರೇ, ಸೂಕ್ಷ್ಮಾಣುಗಳಿಗಾದರೆ 6ರಿಂದ 14 ಕಿಲೊಗ್ರೇ. ಕಿರಣ ಹಾಯಿಸಿದ ಆಹಾರದ ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕು, ‘ರಾಡುರಾ’ ಎಂಬ ಹಸಿರು ಚಿಹ್ನೆಯೂ ಇರಬೇಕು. ಒಡೆದ ವೃತ್ತದೊಳಗೆ ಎರಡು ಎಲೆ, ಮೇಲೊಂದು ಚುಕ್ಕೆ. ಗಿಡದ ಚಿತ್ರದಂತಿರುವ ಅದನ್ನು ಕಂಡು ಸಾವಯವ ಎಂದು ತಿಳಿಯುವವರೂ ಇದ್ದಾರೆ.

ಗಡಿ ದಾಟಿದರೆ ಕಾನೂನು ಬೇರೆ. ಐರೋಪ್ಯ ಒಕ್ಕೂಟ 1999ರಲ್ಲಿ ಮಾಡಿದ ಸಾಮಾನ್ಯ ಪಟ್ಟಿಯಲ್ಲಿ ಒಣ ಸುಗಂಧ ಸಸ್ಯ, ಮಸಾಲೆಗಳಿಗೆ 10 ಕಿಲೊಗ್ರೇವರೆಗೆ ಒಪ್ಪಿಗೆಯಿದೆ, ಚಹಾಕ್ಕೆ ಇಲ್ಲ. ಜಪಾನ್ ಒಪ್ಪಿರುವುದು ಆಲೂಗಡ್ಡೆಯ ಮೊಳಕೆ ತಡೆಗೆ ಮಾತ್ರ, ಅದೂ 1972ರಷ್ಟು ಹಿಂದೆ. ಒಂದೇ ಗೋದಾಮಿನಿಂದ ದೆಹಲಿಗೂ ಹ್ಯಾಂಬರ್ಗ್‌ಗೂ ಮಾಲು ಕಳಿಸುವ ವ್ಯಾಪಾರಿ ಕಿರಣದ ಗೊಡವೆಗೇ ಹೋಗದಿರಲು ಇದೊಂದೇ ಕಾರಣ ಸಾಕು.

ಹಾಗೆ ಹೋಗದವರು ಹಿಡಿದ ಅಡ್ಡದಾರಿಯೊಂದು ಇತ್ತೀಚೆಗೆ ಸುದ್ದಿಯಾಯಿತು. ಮಸಾಲೆ, ಎಳ್ಳುಗಳಿಗೆ ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸುವ ಪದ್ಧತಿ ಅದು. ಅನಿಲ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಆದರೆ ತನ್ನ ಶೇಷವನ್ನು ಬಿಟ್ಟುಹೋಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. 2020ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ಭಾರತದ ಎಳ್ಳಿನಲ್ಲಿ ಆ ಶೇಷ ಕಂಡು ಎಚ್ಚರಿಸಿತು, ಯುರೋಪಿನ ಕಪಾಟುಗಳಿಂದ ಮಾಲು ರಾಶಿರಾಶಿಯಾಗಿ ವಾಪಸಾಯಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರತದ ಮಸಾಲೆಪುಡಿಗಳಿಗೆ ಅದೇ ಗತಿಯಾಯಿತು. ಕಿರಣ ಯಾವ ಶೇಷವನ್ನೂ ಬಿಡುವುದಿಲ್ಲ, ಆದರೆ ಪೊಟ್ಟಣದ ಮೇಲೆ ಅದರ ಹೆಸರು ಹಾಕಬೇಕು. ಅನಿಲ ಶೇಷ ಬಿಡುತ್ತದೆ, ಹೆಸರು ಹಾಕಬೇಕಾಗಿಲ್ಲ. ಗ್ರಾಹಕ ಹೆದರುವುದು ಹೆಸರಿಗೆ.

ಧೂಳಿನ ನೆನಪು

ಹೆಸರು ಹಾಕದೆ ಗುಟ್ಟಾಗಿ ಕಿರಣ ಹಾಯಿಸಿದರೆ ಪತ್ತೆಯಾಗುತ್ತದೆಯೇ? ಚಹಾ ನೋಡಲು ಹಾಗೇ ಇರುತ್ತದೆ, ಬಿಸಿಯಾಗಿರುವುದಿಲ್ಲ, ವಿಕಿರಣವನ್ನೂ ಸೂಸುವುದಿಲ್ಲ. ಸಾಕ್ಷಿ ಹೇಳುವುದು ಧೂಳು. ಒಣ ಎಲೆಗೆ ಅಂಟಿದ ಮಣ್ಣಿನ ಕಣಗಳಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್‌ನಂಥ ಖನಿಜಗಳಿರುತ್ತವೆ. ಕಿರಣ ತಾಗಿದಾಗ ಅವು ಒಂದಿಷ್ಟು ಶಕ್ತಿಯನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಆ ಕಣಗಳನ್ನು ಬೇರ್ಪಡಿಸಿ ಕಾಯಿಸಿದರೆ ಹಿಡಿದಿಟ್ಟ ಶಕ್ತಿ ಮಸುಕು ಬೆಳಕಾಗಿ ಹೊರಬರುತ್ತದೆ. ಉಪಕರಣ ಅದನ್ನು ಅಳೆಯುತ್ತದೆ. ಪುರಾತತ್ವದವರು ಹಳೆಯ ಮಡಕೆಯ ವಯಸ್ಸು ಹೇಳುವುದೂ ಇದೇ ತತ್ವದಿಂದ. ಮಸಾಲೆ, ಒಣ ಸಸ್ಯಗಳಿಗೆ ಯುರೋಪು ಇದನ್ನು ಅಧಿಕೃತ ಪರೀಕ್ಷೆಯಾಗಿ ಬಳಸುತ್ತದೆ.

ಇನ್ನೊಂದು ಪರೀಕ್ಷೆ ಸತ್ತವರ ಗಣತಿ. ಸೂಕ್ಷ್ಮದರ್ಶಕದಲ್ಲಿ ಬಣ್ಣ ಹಾಕಿ ಎಣಿಸಿದಾಗ ಸತ್ತವೂ ಬದುಕಿದ್ದವೂ ಕಾಣುತ್ತವೆ. ತಟ್ಟೆಯಲ್ಲಿ ಬೆಳೆಸಿ ಎಣಿಸಿದಾಗ ಬದುಕಿದ್ದವು ಮಾತ್ರ. ಮೊದಲ ಲೆಕ್ಕ ಲಕ್ಷಗಳಲ್ಲಿದ್ದು ಎರಡನೆಯದು ಹತ್ತಿಪ್ಪತ್ತರಲ್ಲಿದ್ದರೆ ಅಲ್ಲಿ ಏನೋ ಸಂಹಾರ ನಡೆದಿದೆ ಎಂದರ್ಥ. ಕಿರಣವೋ ಅನಿಲವೋ ಎಂಬುದನ್ನು ಮುಂದಿನ ಪರೀಕ್ಷೆ ಹೇಳಬೇಕು.

ಇಷ್ಟು ಹೇಳಿದ ಮೇಲೆ ಕಿರಣದ ಕೈಲಾಗದ್ದನ್ನೂ ಹೇಳಬೇಕು. ಬೂಷ್ಟು ಮೊದಲೇ ಸುರಿಸಿಟ್ಟ ವಿಷ ಬೂಷ್ಟು ಸತ್ತ ಮೇಲೂ ಉಳಿಯುತ್ತದೆ. ಕೀಟನಾಶಕದ ಶೇಷ, ಸಿಟಿಸಿ ಉರುಳೆಯ ಹಲ್ಲು ಸವೆದು ಬಿದ್ದ ಕಬ್ಬಿಣದ ಪುಡಿ, ಬೆರೆಸಿದ ಬಣ್ಣ, ಒಣಗಿಸಿದ ಗಷ್ಟು ಇವು ಯಾವುವೂ ಗಾಮಾ ಕಿರಣಕ್ಕೆ ಜಗ್ಗುವುದಿಲ್ಲ. ಅವನ್ನು ಹಿಡಿಯಲು ಅಯಸ್ಕಾಂತ, ಜರಡಿ, ರಸಾಯನಶಾಲೆ ಬೇಕು. ಘಾಜಿಯಾಬಾದಿನ ಪ್ರಯೋಗಾಲಯದ ಹಳೆಯ ಕೆಲಸಗಳಲ್ಲಿ ಒಂದೂ ಕಿರಣದಿಂದಾಗಿ ಕಡಿಮೆಯಾಗುವುದಿಲ್ಲ. ಧೂಳು ಕಾಯಿಸುವ ಹೊಸದೊಂದು ಕೆಲಸ ಸೇರಿಕೊಳ್ಳಬಹುದು.

ಹಾಗಾದರೆ ಯಾವ ಚಹಾಕ್ಕೆ ಕಿರಣ ಬೇಕು? ಮಸಾಲೆ ಬೆರೆತು, ಬಿಸಿನೀರಿಗೆ ಅದ್ದಿ ಕುಡಿಯುವ ಪೊಟ್ಟಣಕ್ಕೆ ಬೇಕು. ತಣ್ಣೀರಿನಲ್ಲಿ ನೆನೆಯುವ ಚಹಾಕ್ಕೆ, ಎಳೆಮಕ್ಕಳಿಗೂ ರೋಗಿಗಳಿಗೂ ಕೊಡುವ ಗಿಡಮೂಲಿಕೆ ಚಹಾಕ್ಕೆ, ಔಷಧಿಗೂ ಸೌಂದರ್ಯ ಸಾಮಗ್ರಿಗೂ ಹೋಗುವ ಪುಡಿಗೆ ಬೇಕು. ಅಲ್ಲೂ ಮೊದಲು ಕಾರ್ಖಾನೆಯ ನೆಲ ತೊಳೆದಿರಬೇಕು, ಗೋದಾಮು ಒಣಗಿರಬೇಕು, ಪೊಟ್ಟಣದ ಮೇಲೆ ಹಸಿರು ಚಿಹ್ನೆ ಮುಚ್ಚುಮರೆಯಿಲ್ಲದೆ ಇರಬೇಕು. ಮನೆಯ ಪಾತ್ರೆಯಲ್ಲಿ ಎರಡು ಸಲ ಉಕ್ಕಿಸಿ ಸೋಸುವ ಸಾದಾ ಪುಡಿಗೆ 6 ಕಿಲೊಗ್ರೇ ಖರ್ಚು ಮಾಡುವುದು, ಗಂಗೆಗೆ ಬಾವಿನೀರು ಹೊತ್ತ ಹಾಗೆ.

 ಹೊರಗೆ ಚಹಾ ಶುಂಠಿಯ ಜೊತೆ ಆಗಲೇ ಮೂರನೆಯ ಸಲ ಉಕ್ಕುತ್ತಿರುವ ವಾಸನೆ ಬರುತ್ತಿದೆ. ಅದಕ್ಕೆ ಈ ಉಪನ್ಯಾಸದ ಯಾವ ಶಿಫಾರಸೂ ಅನ್ವಯಿಸುವುದಿಲ್ಲ.